ಸಾಕ್ಷಿ ಬಿಲ್ಲೆ

ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನ ಮನೆ ದೊಡ್ಡದು, ಅವನ ಕಾರು ಹೊಸದು, ಹೆಂಡತಿಯ ತವರಿನಲ್ಲಿ ಅವನಿಗೇ ಮರ್ಯಾದೆ ಜಾಸ್ತಿ, ಹೀಗೆ ಕಾರಣಗಳಿಗೇನೂ ಬರವಿಲ್ಲ. ಆದರೆ ಕುಶನ್ ಮೇಸ್ತ್ರಿಯ ಹೊಟ್ಟೆ ಉರಿದದ್ದು ಅಂಗೈಯಗಲದ ಹಿತ್ತಾಳೆ ಬಿಲ್ಲೆಗಳ ವಿಷಯದಲ್ಲಿ. ಅದೂ ಯಾರಿಗೂ ಬೇಡವಾಗಿ ಗುಡ್ಡದ ನೆತ್ತಿಯಲ್ಲಿ ಬಿದ್ದಿರುವಂಥವು. ನಗು ಬಂದರೆ ನಗಿ, ಅಡ್ಡಿಯಿಲ್ಲ. ಮೇಸ್ತ್ರಿಯ ಹೆಂಡತಿಯೂ ನಕ್ಕಿದ್ದಳು.

ಹಿಂದೆ ನಕ್ಷೆ ಬರೆಯುವವರು ನೆಲವನ್ನೆಲ್ಲ ಕಾಲ್ನಡಿಗೆಯಲ್ಲಿ ಅಳೆಯುತ್ತಿದ್ದ ಕಾಲದಲ್ಲಿ, ಎತ್ತರದ ಗುಡ್ಡಗಳ ಮೇಲೆ ಬಂಡೆ ಕೊರೆದು ಒಂದೊಂದು ಹಿತ್ತಾಳೆ ಬಿಲ್ಲೆ ಕೂರಿಸಿ ಹೋದರು. ಈಗ ಆ ಕೆಲಸವನ್ನು ಉಪಗ್ರಹಗಳು ಮಾಡುತ್ತವೆ. ಬಿಲ್ಲೆಗಳು ಮಾತ್ರ ಅಲ್ಲೇ ಉಳಿದಿವೆ. ಅವನ್ನು ಹುಡುಕಿಕೊಂಡು ಗುಡ್ಡ ಹತ್ತುವುದು ಕೆಲವರಿಗೆ ಹುಚ್ಚು. ಅದಕ್ಕೊಂದು ಆ್ಯಪ್ ಕೂಡ ಇದೆ. ಬಿಲ್ಲೆ ಸಿಕ್ಕಿದರೆ ಫೋಟೋ ತೆಗೆದು ಅದರಲ್ಲಿ ಹಾಕಬೇಕು. ಎಲ್ಲರಿಗಿಂತ ಮುಂಚೆ ಹಾಕಿದವರ ಹೆಸರು ‘ಮೊದಲು ಕಂಡವರು’ ಎಂದು ಆ ಬಿಲ್ಲೆಯ ಪುಟದ ತಲೆಯಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಬಹುಮಾನವಿಲ್ಲ, ಹಾರ ತುರಾಯಿ ಇಲ್ಲ. ಕಂಡವರಿಗೆ ಕಂಡ ಸುಖ, ಅಷ್ಟೆ.

ಮೇಸ್ತ್ರಿಯ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಹೊಟ್ಟೆ ಬಗೆಸಿಕೊಂಡ ಸೋಫಾಗಳು, ಹೊರಗೆ ಇಣುಕುವ ಸ್ಪ್ರಿಂಗುಗಳು, ಹರಿದ ರೆಕ್ಸಿನ್ನಿನ ಗುಡ್ಡೆ. ಮೇಸ್ತ್ರಿ ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಟಪ್ಪೆಂದು ಹೊಡೆಯುತ್ತಿದ್ದ. ಹಾಗಾಗಿ ವಾರವೆಲ್ಲ ಅವನ ಬಾಯಿಗೆ ಬೀಗ. ಆ ಮಾತನ್ನೆಲ್ಲ ಕೂಡಿಟ್ಟು ಭಾನುವಾರ ಗುಡ್ಡ ಹತ್ತುವಾಗ ಮಗಳ ಕಿವಿಗೆ ಸುರಿಯುತ್ತಿದ್ದ.

ಮಗಳಿಗೆ ಮನೆಯಲ್ಲೆಲ್ಲ ಗುಬ್ಬಿ ಎಂದೇ ಹೆಸರು. ಶೂ ಲೇಸು ಕಟ್ಟಿಕೊಳ್ಳಲು ಕಲಿತ ದಿನದಿಂದ ಅವಳು ಅಪ್ಪನ ಹಿಂದೆ ಗುಡ್ಡ ಹತ್ತಿದವಳು. ಈಗ ಕಾಲೇಜು ಮುಗಿಸಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳ ವಯಸ್ಸಿನವರು ಭಾನುವಾರ ಸಿನಿಮಾಕ್ಕೆ ಹೋಗುತ್ತಿದ್ದರೆ, ಇವಳು ಚೀಲದಲ್ಲಿ ಬ್ರಶ್ಶು, ನೀರಿನ ಬಾಟಲಿ ತುಂಬಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಮೇಸ್ತ್ರಿಗೆ ಅದರಷ್ಟು ಹೆಮ್ಮೆ ಬೇರೆ ಯಾವುದರ ಮೇಲೂ ಇರಲಿಲ್ಲ.

ಈ ಸಂಸಾರದೊಳಕ್ಕೆ ಷಡ್ಡಕ ಬಂದದ್ದು ಮೇಸ್ತ್ರಿಯೇ ಮಾಡಿಕೊಂಡ ಎಡವಟ್ಟು. ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ, ಲಿಫ್ಟ್ ರಿಪೇರಿ ಮಾಡುವವನು, ದಿನವೂ ಎತ್ತರದ ಕಟ್ಟಡಗಳನ್ನು ಹತ್ತಿಳಿದು ಕಾಲು ಗಟ್ಟಿಯಾದವನು. ಭಾನುವಾರ ಮನೆಯಲ್ಲಿ ಬಿದ್ದುಕೊಂಡು ಟಿವಿ ನೋಡುತ್ತಾನೆ, ನಿಮ್ಮ ಜೊತೆ ಎಳೆದುಕೊಂಡು ಹೋಗಿ ಎಂದು ನಾದಿನಿ ಕೇಳಿದ್ದಳು. ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ ಹೂಂ ಅಂದಿದ್ದ. ಮೊದಲ ದಿನವೇ ಷಡ್ಡಕ ಬಿದ್ದೂ ಎದ್ದೂ ಮುಂದೆ ಓಡಿ, “ಅಣ್ಣ, ಸಿಕ್ತು!” ಎಂದು ಕೂಗಿ, ಫೋಟೋ ತೆಗೆದು, ಆ್ಯಪ್‌ಗೆ ಹಾಕಿಯೂ ಬಿಟ್ಟ. ನೋಡಿದರೆ ಅದು ಸಾಕ್ಷಿ ಬಿಲ್ಲೆ.

ಸಾಕ್ಷಿ ಬಿಲ್ಲೆ ಎಂದರೆ ಇಷ್ಟೇ. ಮೂಲ ಬಿಲ್ಲೆ ಮಣ್ಣಿನಲ್ಲಿ ಹೂತುಹೋದರೆ ಮುಂದಿನವರಿಗೆ ಸಿಗಲಿ ಎಂದು ಅಳತೆಯವರು ಸ್ವಲ್ಪ ದೂರದಲ್ಲಿ ಇನ್ನೊಂದು ಬಿಲ್ಲೆ ಕೂರಿಸಿರುತ್ತಾರೆ. ಅದರ ಮೇಲೂ ಅದೇ ನಂಬರು. ಆದರೆ ಅಂಚಿನಲ್ಲಿ ಒಂದು ಬಾಣದ ಗುರುತು ಇರುತ್ತದೆ, ಮೂಲ ಆ ಕಡೆ ಇದೆ ಎಂದು ತೋರಿಸಲು. ಬಾಣ ಕಂಡರೆ ಅದು ಬರೀ ದಾರಿ ಹೇಳುವ ಬಿಲ್ಲೆ, ಮೂಲದ ಫೋಟೋ ಬಂದ ಕೂಡಲೇ ಅದನ್ನು ಹಾಕಿದವನ ಹೆಸರು ಪುಟದಿಂದ ಅಳಿಸಿಹೋಗುತ್ತದೆ. ಅದನ್ನೇ ಮೂಲವೆಂದು ತಿಳಿದು ಕುಣಿಯುವವನನ್ನು ಈ ಹುಚ್ಚಿನವರೆಲ್ಲ ಸೇರಿ ಆಡಿಕೊಳ್ಳುತ್ತಾರೆ. ಮೇಸ್ತ್ರಿಯಂತೂ ಸಿಕ್ಕಿದ್ದೇ ಅವಕಾಶ ಎಂದು ಆ ಕಥೆಯನ್ನು ನೆಂಟರಿಷ್ಟರ ಮುಂದೆಲ್ಲ ಉಪ್ಪು ಖಾರ ಹಚ್ಚಿ ಹೇಳಿದ. ಷಡ್ಡಕ ಎಲ್ಲರ ಜೊತೆ ಸೇರಿ ತಾನೂ ನಕ್ಕ. ಆ ಮನುಷ್ಯನ ಮೊದಲನೇ ದೋಷ ಅದೇ, ಎಷ್ಟು ಚುಚ್ಚಿದರೂ ಅವನಿಗೆ ಕೋಪ ಬರುತ್ತಿರಲಿಲ್ಲ.

ಆಮೇಲೆ ಮೇಸ್ತ್ರಿಯ ಮಂಡಿ ಕೈಕೊಟ್ಟಿತು. ಡಾಕ್ಟರು ಕೆಲವು ತಿಂಗಳು ಗುಡ್ಡದ ಹೆಸರೆತ್ತಬೇಡಿ ಅಂದರು. ಗುಬ್ಬಿ ಚಿಕ್ಕಪ್ಪನ ಜೊತೆ ಹೋಗತೊಡಗಿದಳು. ಹೋಗಲಿ, ಹುಡುಗಿ ಯಾಕೆ ಮನೆಯಲ್ಲಿ ಕೊಳೆಯಬೇಕು ಎಂದು ಮೇಸ್ತ್ರಿಯೇ ಕಳಿಸಿದ್ದ. ಮಂಡಿ ಸರಿಹೋಯಿತು. ಮಗಳು ಮಾತ್ರ ವಾಪಸು ಬರಲಿಲ್ಲ.

“ಈ ಭಾನುವಾರ ಚಿಕ್ಕಪ್ಪನಿಗೆ ಹೂಂ ಅಂದಿದೀನಿ ಅಪ್ಪ. ನೀನೂ ಬಾ,” ಅನ್ನುವಳು. ಆ ‘ನೀನೂ’ ಮೇಸ್ತ್ರಿಯ ಎದೆಗೆ ಚುಚ್ಚುತ್ತಿತ್ತು. ನಾನು ಕಟ್ಟಿದ ಮನೆಗೆ ನನ್ನನ್ನೇ ನೆಂಟನ ಹಾಗೆ ಕರೆಯುತ್ತಾಳಲ್ಲ! ಎರಡು ಮೂರು ಸಲ ಹೋಗಿಯೂ ಬಂದ. ದಾರಿಯುದ್ದಕ್ಕೂ ಅವರಿಬ್ಬರದೇ ತಮಾಷೆ, ಅವರಿಬ್ಬರಿಗೇ ಅರ್ಥವಾಗುವ ನಗು. ಆಮೇಲೆ ಕೆಲಸವಿದೆ ಎಂದು ನೆಪ ಹೇಳಿ ತಪ್ಪಿಸಿಕೊಳ್ಳತೊಡಗಿದ.

ತಪ್ಪಿಸಿಕೊಂಡವನು ಸುಮ್ಮನೆ ಇದ್ದನೇ? ಭಾನುವಾರ ಅಂಗಡಿಯ ಕದ ಅರ್ಧ ಎಳೆದುಕೊಂಡು, ಮಗುಚಿ ಹಾಕಿದ ಸೋಫಾದ ಸಂದಿಯಲ್ಲಿ ಕೂತು, ಆ್ಯಪ್ ತೆರೆದು ತೆರೆದು ನೋಡುತ್ತಿದ್ದ. ಗುಬ್ಬಿ ಬಿಲ್ಲೆಯ ಪಕ್ಕದಲ್ಲಿ ಮಂಡಿಯೂರಿ ಕೂತ ಫೋಟೋ. ಮುಖ ಬೆವರಿ ಕೆಂಪಾಗಿದೆ, ಬಾಯಿ ಕಿವಿಯವರೆಗೆ ಹಿಗ್ಗಿದೆ. ಅವನು ತೆಗೆದ ಫೋಟೋಗಳಲ್ಲಿ ಅವಳು ಹೀಗೆ ನಕ್ಕದ್ದೇ ಇರಲಿಲ್ಲ. ಹಳೆಯ ಫೋಟೋಗಳನ್ನು ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದ, ಕಳ್ಳನನ್ನು ಹಿಡಿಯುವ ಪೊಲೀಸಿನ ಹಾಗೆ. ಅವುಗಳಲ್ಲಿ ಅವಳು ಇದ್ದದ್ದೇ ಕಡಿಮೆ. ಎಲ್ಲದರಲ್ಲೂ ಅವನೇ ಇದ್ದ, ಬಿಲ್ಲೆಯ ಮೇಲೆ ಕೈಯಿಟ್ಟುಕೊಂಡು. ಅವನಿಗೆ ಅದು ಹೊಳೆಯಲಿಲ್ಲ. ಹೊಟ್ಟೆ ಉರಿಯುವಾಗ ಮನುಷ್ಯನಿಗೆ ಏನೂ ಹೊಳೆಯುವುದಿಲ್ಲ.

“ಮುಖ ಯಾಕ್ರೀ ಹರಳೆಣ್ಣೆ ಕುಡಿದ ಹಾಗಿದೆ?” ಎಂದು ಹೆಂಡತಿ ಕೇಳಿದಳು.

“ನಿನ್ನ ತಂಗಿ ಗಂಡನಿಗೆ ಸ್ವಂತ ಮಕ್ಕಳಿಲ್ವಾ?”

“ಅವೆರಡೂ ಗುಡ್ಡ ಅಂದ್ರೆ ಓಡಿಹೋಗ್ತಾವೆ. ನಿಮ್ಮ ಮಗಳೂ ನಿಮ್ಮ ಜೊತೆ ಇನ್ನೆಷ್ಟು ವರ್ಷ ಬಂದಾಳು? ಬಿಡಿ, ಊಟಕ್ಕೇಳಿ.”

ಬಿಡುವುದಕ್ಕೆ ಅದೇನು ಬಟ್ಟೆಗೆ ಹತ್ತಿದ ಧೂಳೇ? ಒದರಿದರೂ ಹೋಗುತ್ತಿರಲಿಲ್ಲ.

ಆ ಸೀಮೆಯಲ್ಲಿ ಯಾರಿಗೂ ಸಿಗದ ಬಿಲ್ಲೆ ಒಂದೇ ಒಂದು ಉಳಿದಿತ್ತು. ಕಲ್ಲುಕ್ವಾರಿಯ ಆಚೆ, ಮುಳ್ಳುಪೊದೆ ದಟ್ಟವಾಗಿ ಮುಚ್ಚಿದ್ದ ಗುಡ್ಡದಲ್ಲಿ. ಮೇಸ್ತ್ರಿ ಅದಕ್ಕಾಗಿ ಹಿಂದೆ ಎಷ್ಟೋ ಸಲ ಮೈಕೈ ಪರಚಿಸಿಕೊಂಡು ಬರಿಗೈಯಲ್ಲಿ ಮರಳಿದ್ದ. ಆ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ನೆತ್ತಿಯ ಪೊದೆಯೆಲ್ಲ ಬೂದಿಯಾಯಿತು. ಸುದ್ದಿ ಕೇಳಿದ ಕೂಡಲೇ ಅವನ ಮನಸ್ಸು ಚುರುಕಾಯಿತು: ಈಗ ಕಾಣುತ್ತದೆ, ಗುಬ್ಬಿಯನ್ನು ಕರೆದುಕೊಂಡು ಹೋಗಬೇಕು, ನಾವಿಬ್ಬರೇ. ಹೇಗೆ ಹೇಳುವುದು ಎಂದು ಅವನು ಮಾತು ಹೊಂದಿಸಿಕೊಳ್ಳುತ್ತಿರುವಾಗಲೇ, ಊಟದ ಮೇಜಿನ ಮುಂದೆ ಗುಬ್ಬಿ ಬಾಯಿಬಿಟ್ಟಳು.

“ಅಪ್ಪ, ಕ್ವಾರಿ ಗುಡ್ಡ ಸುಟ್ಟು ಬೋಳಾಗಿದೆಯಂತೆ! ಭಾನುವಾರ ನಾನೂ ಚಿಕ್ಕಪ್ಪನೂ ಹೋಗ್ತಿದೀವಿ. ನೀನೂ ಬಾ.”

“ಹೋಟೆಲಿನ ಕುರ್ಚಿ ಕೊಡೋದಿದೆ,” ಎಂದ ಮೇಸ್ತ್ರಿ, ತಟ್ಟೆಯಿಂದ ತಲೆಯೆತ್ತದೆ.

“ಭಾನುವಾರಾನಾ?”

“ಹೋಟೆಲಿಗೆ ಭಾನುವಾರ ಅಂತ ಇದೆಯಾ?”

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಕರಗಿಬಿಡುತ್ತಿದ್ದ. ಮಾಡಲಿಲ್ಲವಲ್ಲ, ಆ ಕಿಚ್ಚಿಗೆ ಅವನ ತಲೆಯಲ್ಲಿ ಒಂದು ಯೋಚನೆ ಹುಟ್ಟಿತು. ಆ ಬಿಲ್ಲೆ ಅವರಿಗೆ ಸಿಗಬಾರದು. ಸಿಕ್ಕರೂ ಅದರ ತಲೆಯ ಮೇಲೆ ತನ್ನ ಹೆಸರಿರಬೇಕು. ಆಗ ಗೊತ್ತಾಗುತ್ತದೆ ಅವಳಿಗೆ, ಗುರು ಯಾರು, ಬಾಲ ಯಾರು ಎಂದು.

ಭಾನುವಾರ ಅವನು ಮೊದಲ ಬಸ್ಸಿಗೇ ಹೊರಟ. ಕೈಯಲ್ಲಿ ಅಂಗಡಿಯ ಬೀಗದ ಕೈ ಆಡಿಸುತ್ತ, ಹೆಂಡತಿಗೆ ಕೇಳಲಿ ಎಂದು ಜೋರಾಗಿ ಕೆಮ್ಮಿ ಹೋದ. ಷಡ್ಡಕ ಕಾರಿನಲ್ಲಿ ಕ್ವಾರಿಯ ಕಡೆಯಿಂದ ಬರುತ್ತಾನೆ, ಆ ದಾರಿ ಸುತ್ತು. ಇವನು ಹಿಂಬದಿಯ ಕಡಿದಾದ ದಾರಿ ಹಿಡಿದ. ಮಂಡಿ ಕಿರುಗುಟ್ಟಿತು, ಉಸಿರು ಗಂಟಲಿಗೆ ಬಂತು. ಸುಟ್ಟ ಕೊಂಬೆಗಳು ತಾಗಿ ಪ್ಯಾಂಟೆಲ್ಲ ಮಸಿ. ಕೂತು ಉಸಿರು ತೆಗೆದುಕೊಳ್ಳುವಾಗಲೆಲ್ಲ ಕೆಳಗೆ ಕಾರಿನ ಸದ್ದು ಕೇಳಿದಂತಾಗಿ ಎದ್ದು ಓಡುತ್ತಿದ್ದ. ಅರ್ಧ ಆಯುಷ್ಯ ಮುಗಿದ ಗಂಡಸು, ಸ್ವಂತ ಮಗಳನ್ನು ಹಿಂದೆ ಹಾಕಲು ಗುಡ್ಡದಲ್ಲಿ ಅಂಬೆಗಾಲಿಡುತ್ತಿದ್ದ.

ನೆತ್ತಿ ತಲುಪಿ ಬೂದಿ ಕೆದಕಿದ. ಒಂದು ಚಪ್ಪಟೆ ಬಂಡೆಯ ಮೇಲೆ ಹಿತ್ತಾಳೆಯ ಅಂಚು ಕಂಡೇಬಿಟ್ಟಿತು! ಅರ್ಧ ಬಿಲ್ಲೆ ಮಸಿಯಲ್ಲೂ ಒಣಗಿದ ಪಾಚಿಯಲ್ಲೂ ಮುಚ್ಚಿತ್ತು. ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದ, ನಂಬರು ಕಾಣಿಸಿತು. ಅದೇ ನಂಬರು. ಪೂರ್ತಿ ಒರೆಸುವಷ್ಟು ತಾಳ್ಮೆ ಯಾರಿಗಿದೆ? ಬ್ರಶ್ಶು ಬೇರೆ ಗುಬ್ಬಿಯ ಚೀಲದಲ್ಲಿತ್ತು. ಫೋಟೋ ತೆಗೆದ, ಕಳಿಸಿದ. ಪುಟದ ಮೇಲೆ ‘ಮೊದಲು ಕಂಡವರು: ಕುಶನ್ ಮೇಸ್ತ್ರಿ’ ಎಂದು ಮೂಡಿತು. ಅದನ್ನು ಮತ್ತೆ ಮತ್ತೆ ಓದಿಕೊಂಡು ಒಬ್ಬನೇ ನಕ್ಕ.

ಅವರು ಬರುವ ಮುಂಚೆ ಹಿಂಬದಿಯಿಂದ ಇಳಿದು ಜಾರಿಕೊಳ್ಳಬೇಕೆಂದು ಅವನ ಲೆಕ್ಕ. ಎದ್ದು ನಿಲ್ಲಲು ಹೋದರೆ ಮಂಡಿ ಹಿಡಿದುಕೊಂಡುಬಿಟ್ಟಿತು. ಅಲ್ಲೇ ಕೂತು ನೀವಿಕೊಳ್ಳುತ್ತಿರುವಾಗ ಬಂಡೆಯ ಮರೆಯಿಂದ ಮೊದಲು ನಗು ಕೇಳಿಸಿತು, ಆಮೇಲೆ ಗುಬ್ಬಿಯ ತಲೆ ಕಾಣಿಸಿತು.

“ಅಪ್ಪಾ?” ಅವಳು ನಿಂತಲ್ಲೇ ನಿಂತಳು. “ಕುರ್ಚಿ ಕೊಡೋದಿತ್ತಲ್ಲ?”

“ಬೇಗ ಮುಗೀತು.”

ಷಡ್ಡಕ ಹಿಂದಿನಿಂದ ಬಂದು, “ಅಣ್ಣ ಬಂದಿದ್ದು ಒಳ್ಳೇದೇ ಆಯ್ತು. ಟೀ ಜಾಸ್ತಿ ತಂದಿದೀನಿ,” ಎಂದ. ನೋಡಿ, ಇಂಥ ಮಾತಿಗೆ ಏನು ಮಾಡುವುದು? ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಗುಬ್ಬಿ ಫೋನು ತೆರೆದಳು. ಮುಖದ ಮೇಲಿದ್ದ ನಗು ಹಾಗೇ ಇಳಿದುಹೋಯಿತು. “ಓ. ಹಾಕಿಬಿಟ್ಟಿದೀಯಾ. ಕಂಗ್ರಾಟ್ಸ್ ಅಪ್ಪ,” ಎಂದು ಹೇಳಿ, ಅತ್ತ ಗುಡ್ಡದ ಅಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಗೆದ್ದವನು ಮೇಸ್ತ್ರಿ, ಆದರೆ ಆ ಬೆನ್ನು ನೋಡಿದರೆ ಗೆದ್ದ ಹಾಗೆ ಅನಿಸಲಿಲ್ಲ.

ಷಡ್ಡಕ ಬಿಲ್ಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅಭ್ಯಾಸಬಲದಿಂದ ಜೇಬಿನ ಬ್ರಶ್ಶು ತೆಗೆದು ಉಳಿದರ್ಧದ ಮಸಿಯನ್ನು ಮೆಲ್ಲಗೆ ಒರೆಸಿದ. ಅವನ ಕೈ ನಿಂತಿತು. ಮೇಸ್ತ್ರಿಯೂ ನೋಡಿದ. ಅಂಚಿನಲ್ಲಿ ಬಾಣ.

ಮೇಸ್ತ್ರಿ ಊರೆಲ್ಲ ಸಾರಿ ನಕ್ಕಿದ್ದ ತಪ್ಪನ್ನು ಈಗ ತಾನೇ ಮಾಡಿ, ಹೆಸರು ಸಮೇತ ಜಗತ್ತಿಗೆ ತೋರಿಸಿ ಕೂತಿದ್ದ. ಷಡ್ಡಕ ಇನ್ನು ನಗುತ್ತಾನೆ ಎಂದು ಕಾದ. ಷಡ್ಡಕ ನಗಲಿಲ್ಲ. ಗುಬ್ಬಿಯ ಕಡೆ ಒಮ್ಮೆ ನೋಡಿದ, ಅವಳು ತಿರುಗಿರಲಿಲ್ಲ. ಬೆನ್ನಿನ ಚೀಲ ಇಳಿಸಿ ಬಿಲ್ಲೆಯ ಮೇಲೆ ಇಟ್ಟ. ಸರಿಯಾಗಿ ಬಾಣ ಮುಚ್ಚುವಂತೆ.

“ಟೀ ಕುಡಿಯೋಣ ಅಣ್ಣ,” ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬದುಕಿದೆಯಾ ಬಡಜೀವವೇ ಎಂದು ಟೀ ಕುಡಿದು ಎದ್ದು ಬರುತ್ತಿದ್ದಿರಿ. ಮೇಸ್ತ್ರಿಯೂ ಲೋಟ ಕೈಗೆ ತೆಗೆದುಕೊಂಡ. ಒಂದು ಗುಟುಕು ಕುಡಿದ. ಲೋಟ ಕೆಳಗಿಟ್ಟ. ಮಗಳನ್ನು ಕಿತ್ತುಕೊಂಡದ್ದು ಸಾಲದೆಂದು ಈ ಮನುಷ್ಯ ಈಗ ನನಗೆ ಮಾನ ಭಿಕ್ಷೆ ಹಾಕುತ್ತಿದ್ದಾನೆ! ನಾಳೆಯಿಂದ ಇವನ ಮುಖ ಕಂಡಾಗಲೆಲ್ಲ ಆ ಚೀಲ ನೆನಪಾಗುತ್ತದೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿ ಅವನು ಬಾಯಿಬಿಟ್ಟ ಎಂದು ನಾನು ಹೇಳಿದರೆ ಅದು ಬರೀ ಬಣ್ಣದ ಮಾತು. ಷಡ್ಡಕನ ಋಣದಲ್ಲಿ ಬೀಳುವುದು ಅವನಿಂದಾಗಲಿಲ್ಲ, ಅಷ್ಟೆ. ಚೀಲವನ್ನು ಕಾಲಿನಿಂದ ಆಚೆ ತಳ್ಳಿದ.

“ಗುಬ್ಬಿ, ಬಾ ಇಲ್ಲಿ. ನಿಮ್ಮಪ್ಪ ಸಾಕ್ಷಿ ಬಿಲ್ಲೆಗೆ ಮೋಸ ಹೋದ.”

ಅವಳು ಬಂದು ಬಾಗಿ ನೋಡಿದಳು. ಬಾಣ ನೋಡಿದಳು, ಪಕ್ಕದಲ್ಲಿ ಉರುಳಿದ್ದ ಚೀಲ ನೋಡಿದಳು, ಇಬ್ಬರು ಗಂಡಸರ ಮುಖ ನೋಡಿದಳು. ಔಷಧಿ ಅಂಗಡಿಯಲ್ಲಿ ವೈದ್ಯರ ಕೈಬರಹ ಓದುವವಳಿಗೆ ಇದು ಯಾವ ಲೆಕ್ಕ?

“ನಮಗಿಂತ ಮುಂಚೆ ಬರಬೇಕು ಅಂತ ಸುಳ್ಳು ಹೇಳಿದ್ಯಾ?”

“ಹೂಂ.”

“ಯಾಕಪ್ಪ?”

“ಹೊಟ್ಟೆಕಿಚ್ಚು ಕಣೇ,” ಎಂದ ಮೇಸ್ತ್ರಿ. ಬಾಯಿಂದ ಬಿದ್ದ ಮೇಲೆ ಇನ್ನು ತಡೆಯುವುದಕ್ಕೇನಿದೆ? “ನೀನು ಇವನ ಜೊತೆ ಹೋಗೋದು ನನ್ನ ಕೈಲಿ ನೋಡೋಕಾಗಲ್ಲ. ಗುಡ್ಡ ಹತ್ತೋಕೆ ಕಲಿಸಿದ್ದು ನಾನು. ಬಿಲ್ಲೆ ಅಂದ್ರೇನು ಅಂತ ತೋರಿಸಿದ್ದು ನಾನು. ಇವನಲ್ಲಿ ಅಂಥದ್ದೇನು ಕಂಡೆ ನೀನು?”

ಷಡ್ಡಕ ಫ್ಲಾಸ್ಕು ಎತ್ತಿಕೊಂಡು ಮೆಲ್ಲಗೆ ಅತ್ತ ಸರಿದ. ಸುಟ್ಟ ಮರವೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಗುಬ್ಬಿ ದನಿ ಎತ್ತರಿಸಲಿಲ್ಲ. “ನಿನ್ನ ಜೊತೆ ಅಷ್ಟು ಗುಡ್ಡ ಹತ್ತಿದೀನಲ್ಲ ಅಪ್ಪ, ಅದರಲ್ಲಿ ನಾನು ಹುಡುಕಿದ ಬಿಲ್ಲೆ ಯಾವುದು ಹೇಳು?”

ಮೇಸ್ತ್ರಿ ಬೆರಳು ಮಡಚಿ ಎಣಿಸತೊಡಗಿದ.

“ಒಂದೂ ಇಲ್ಲ. ಎಲ್ಲಾ ನೀನೇ ನೋಡ್ತಿದ್ದೆ. ನಾನು ಬಗ್ಗೋಕೆ ಮುಂಚೆ ‘ಅಗೋ ಅಲ್ಲಿ’ ಅಂತಿದ್ದೆ. ಆಮೇಲೆ ನಾನು ಫೋಟೋ ತೆಗೀಬೇಕು. ಚಿಕ್ಕಪ್ಪನಿಗೆ ಮೊದಲೇ ಕಂಡ್ರೂ ಹೇಳಲ್ಲ, ಕಾಣದ ಹಾಗೆ ನಾಟಕ ಮಾಡ್ತಾರೆ. ಕೆಟ್ಟ ನಾಟಕ. ನಂಗೆ ಗೊತ್ತಾಗುತ್ತೆ. ಆದ್ರೂ ಹುಡುಕೋದು ನಾನೇ ತಾನೇ?”

ಇಷ್ಟು ಹೇಳಿ ಅವಳು ಬಾಣದ ದಿಕ್ಕು ನೋಡಿಕೊಂಡು, ಬೂದಿಯ ಮೇಲೆ ಕಾಲೆಳೆಯುತ್ತ ಹೊರಟಳು. ಮೇಸ್ತ್ರಿ ಕುಂಟುತ್ತ ಹಿಂದೆ ಹೋದ. ಷಡ್ಡಕ ಇನ್ನೊಂದು ಬದಿಯಿಂದ ಬಂದ.

ಮೇಸ್ತ್ರಿಗೆ ಅದು ಬೇಗ ಕಂಡಿತು. ಎಷ್ಟು ವರ್ಷದ ಚಾಳಿ, ಕಾಣದೆ ಇರುತ್ತದೆಯೇ? ಎರಡು ಬಂಡೆ ಸೇರುವಲ್ಲಿ, ಬೂದಿಯ ನಡುವೆ ದುಂಡಗಿನ ಒಂದು ಉಬ್ಬು, ಅದರ ಒಂದು ಮಗ್ಗುಲಲ್ಲಿ ಉಗುರಿನಷ್ಟು ಹಳದಿ. ಗುಬ್ಬಿ ಅದಕ್ಕೆ ಬೆನ್ನು ಹಾಕಿ ಬೇರೆ ಕಡೆ ಕೆದಕುತ್ತಿದ್ದಳು. ‘ಅಗೋ ಅಲ್ಲಿ’ ಎಂಬುದು ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ಯಾರಿಗೂ ಸಿಗದ ಬಿಲ್ಲೆ. ಎಷ್ಟೋ ಸಲ ಮೈ ಪರಚಿಸಿಕೊಂಡ ಬಿಲ್ಲೆ. ಒಂದು ಮಾತು ಆಡಿದರೆ ಅವನದು. ಹಲ್ಲು ಕಚ್ಚಿ ಹಿಡಿದ. ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ಅವಳೇನಾದರೂ ತಿರುಗಿ ತನ್ನ ಕಣ್ಣು ನೋಡಿದರೆ ಕೆಲಸ ಕೆಟ್ಟಿತು ಎಂದು ಪೂರ್ತಿ ಆಚೆ ತಿರುಗಿ, ಆಕಾಶದಲ್ಲಿ ಏನೋ ಕಳೆದುಕೊಂಡವನ ಹಾಗೆ ಮೇಲೆ ನೋಡುತ್ತ ನಿಂತ. ಹಾಗೆ ತಿರುಗುವಾಗ ಷಡ್ಡಕನ ಕಣ್ಣಿಗೆ ಅವನ ಕಣ್ಣು ಸಿಕ್ಕಿತು. ಷಡ್ಡಕ ಬಂಡೆಗಳ ಸಂದಿ ನೋಡಿದ, ಇವನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು.

ಗುಬ್ಬಿಗೆ ಯಾವ ಅವಸರವೂ ಇರಲಿಲ್ಲ. ಅಲ್ಲಿ ಕೆದಕಿದಳು, ಇಲ್ಲಿ ಕೆದಕಿದಳು, ವಾಪಸು ಹೋಗಿ ಬಾಣ ನೋಡಿ ಬಂದಳು. ಮೇಸ್ತ್ರಿಯ ಕತ್ತು ನೋಯತೊಡಗಿತು. ಕೊನೆಗೆ ಅವಳ ಹೆಜ್ಜೆ ಅವನ ಬೆನ್ನ ಹಿಂದೆಯೇ ಬಂದು ನಿಂತಿತು. ಬ್ರಶ್ಶಿನ ಸದ್ದು ಕೇಳಿಸಿತು. ಆಮೇಲೆ ಗುಡ್ಡವೆಲ್ಲ ಕೇಳುವ ಹಾಗೆ ಒಂದು ಕೂಗು.

“ಚಿಕ್ಕಪ್ಪಾ! ಸಿಕ್ತು!”

ಅಪ್ಪ ಒಂದು ಮಾರು ದೂರದಲ್ಲಿ ನಿಂತಿದ್ದ. ಕೂಗಿದ್ದು ಚಿಕ್ಕಪ್ಪನನ್ನು. ಆದರೂ ಮೇಸ್ತ್ರಿ ತಿರುಗಿ ಬಂದು ಬಗ್ಗಿ ನೋಡಿದ. ಮೂಲ ಬಿಲ್ಲೆಯೇ ಸರಿ, ನಡುವೆ ಅಳತೆಯವರ ಗುರುತಿನ ತ್ರಿಕೋನ, ಬಾಣವಿಲ್ಲ. ಗುಬ್ಬಿ ಮಸಿ ಕೈಯಲ್ಲೇ ಕೆನ್ನೆ ಒರೆಸಿಕೊಂಡು, ಬಾಯಿ ಕಿವಿಯವರೆಗೆ ಹಿಗ್ಗಿಸಿ ನಗುತ್ತಿದ್ದಳು. ಆ ನಗುವನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

“ಅಪ್ಪ, ಇದರ ಪಕ್ಕದಲ್ಲೇ ನಿಂತಿದ್ಯಲ್ಲ! ನಿಜವಾಗ್ಲೂ ಕಾಣಿಸ್ಲಿಲ್ವಾ?”

“ಇಲ್ಲ ಕಣಮ್ಮ.”

“ಆಕಾಶದಲ್ಲಿ ಹುಡುಕ್ತಿದ್ದೆ ನೀನು!” ಎಂದು ಅವಳು ಇನ್ನಷ್ಟು ನಕ್ಕಳು. “ವಯಸ್ಸಾಯ್ತು ನಿಂಗೆ. ಮುಂದಿನ ವಾರ ನಮ್ಮ ಜೊತೆ ಬಾ, ಹೇಗೆ ಹುಡುಕೋದು ಅಂತ ಚಿಕ್ಕಪ್ಪ ಹೇಳಿಕೊಡ್ತಾರೆ.”

ಮೇಸ್ತ್ರಿ ಷಡ್ಡಕನ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಇವನ ಬಾಯಿಂದ ಒಂದು ಮಾತು ಬಯಸಿದ. ಇಲ್ಲಮ್ಮ, ನಿಮ್ಮಪ್ಪನಿಗೆ ಮೊದಲೇ ಕಂಡಿತ್ತು, ನಿನಗೋಸ್ಕರ ಸುಮ್ಮನಿದ್ದ, ಎಂದು ಒಂದೇ ಒಂದು ಮಾತು ಹೇಳಬಾರದೇ? ಷಡ್ಡಕ ಹೇಳಬಲ್ಲವನಾಗಿದ್ದ. ಗುಡ್ಡ ಇಳಿದು ಕಾರಿನ ಬಾಗಿಲು ಹಾಕುವವರೆಗೂ ಮೇಸ್ತ್ರಿ ಕಾದ. ಷಡ್ಡಕ ಒಳ್ಳೆಯ ಮನುಷ್ಯ, ಗುಟ್ಟು ಬಿಡಲೇ ಇಲ್ಲ.